ವಿಷ ಬೆರೆಸಿದವರು, ಆಮ್ಲಜನಕ ತಲುಪಿಸದವರು: ಯಾರ ತಪ್ಪು ಹೆಚ್ಚು ಭಾರ?

ಮಲೆಸೀಮೆ

ನಮ್ಮ ಚಾಮರಾಜನಗರ ಸೀಮೆಯ ಮೂರು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿದೆ. ಇಲ್ಲಿ ಕಾನೂನು ಬಲ್ಲವರೂ ಇದ್ದೀರಿ, ಇತಿಹಾಸ ಓದಿದವರೂ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿತು. ಪೊಲೀಸರು, ಅರಣ್ಯ ಸಿಬ್ಬಂದಿ, ಅವರ ಜೊತೆಗಿದ್ದ ಮಾಹಿತಿದಾರರು ಸೇರಿ 22 ಮಂದಿ ಸತ್ತರು. ಭಯೋತ್ಪಾದನೆಯ ಪ್ರಕರಣಗಳಿಗೆಂದೇ ಇದ್ದ ಮೈಸೂರಿನ ಟಾಡಾ ನ್ಯಾಯಾಲಯ ಜೀವಾವಧಿ ಕೊಟ್ಟಿತು. ಶಿಕ್ಷೆಯ ವಿರುದ್ಧ ಮೇಲ್ಮನವಿ ಹೋದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು. ಕ್ಷಮಾದಾನದ ಅರ್ಜಿ ತೀರ್ಮಾನವಾಗಲು ವರ್ಷಗಟ್ಟಲೆ ವಿಳಂಬವಾದ ಕಾರಣ 2014ರಲ್ಲಿ ಅದು ಮತ್ತೆ ಜೀವಾವಧಿಗೆ ಇಳಿಯಿತು.

2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆಗೆ ಬಂದ ಜನ ಪ್ರಸಾದ ತಿಂದರು. ಅದರಲ್ಲಿ ಕೀಟನಾಶಕ ಇತ್ತು. 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ದೇವಸ್ಥಾನದ ಟ್ರಸ್ಟಿನ ಹಿಡಿತಕ್ಕಾಗಿ ನಡೆದ ಜಗಳದಲ್ಲಿ ಬೇಕೆಂದೇ ವಿಷ ಬೆರೆಸಿದರು ಎಂಬುದು ಪೊಲೀಸರ ಆರೋಪ. ನಾಲ್ವರನ್ನು ಬಂಧಿಸಿ ಕೊಲೆಯ ಮೊಕದ್ದಮೆ ಹೂಡಿದರು.

2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಬೆಳಗಾಗಿ ಮಧ್ಯಾಹ್ನವಾಗುವ ಹೊತ್ತಿಗೆ 24 ಮಂದಿ ಸತ್ತ ಸುದ್ದಿ ರಾಜ್ಯವೆಲ್ಲ ಹಬ್ಬಿತ್ತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಹೇಳಿಕೆ ಬಂತು. ಹೈಕೋರ್ಟ್ ನಿಯೋಜಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ 36 ಎಂದು ಹೇಳಿತು. ಕೊಲೆಯ ಮೊಕದ್ದಮೆ ಯಾರ ಮೇಲೂ ಹೂಡಲಿಲ್ಲ.

ಮೂರನ್ನೂ ಒಂದೇ ಎನ್ನುತ್ತಿಲ್ಲ. ವಿಷ ಬೆರೆಸುವವನಿಗೆ ಸಾವು ಬೇಕಾಗಿರುತ್ತದೆ. ಸಿಲಿಂಡರ್ ಕಳುಹಿಸದವನಿಗೆ ಸಾವು ಬೇಕಾಗಿರಲಿಲ್ಲ. ಈ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ಆದರೆ ಒಂದಕ್ಕೆ ಗಲ್ಲು, ಮತ್ತೊಂದಕ್ಕೆ ವರ್ಗಾವಣೆ, ವರದಿ, ಪರಿಹಾರದ ಚೆಕ್ಕು ಎನ್ನುವಷ್ಟು ದೊಡ್ಡದೇ? ನನ್ನ ಅನುಮಾನ ಹೇಳುತ್ತೇನೆ. ತಪ್ಪಿನ ಭಾರ ಅಳೆಯುವಾಗ ನಾವು ಕೈಯನ್ನು ಮಾತ್ರ ನೋಡುತ್ತೇವೆ. ಕೈ ಕಂಡರೆ ಪಾತಕ, ಕಾಣದಿದ್ದರೆ ದುರಂತ. ಆ ಮನುಷ್ಯನಿಗೆ ಏನು ಗೊತ್ತಿತ್ತು, ಅದನ್ನು ತಡೆಯಲು ಅವನಿಗೆ ಎಷ್ಟು ಹೊತ್ತು ಸಿಕ್ಕಿತ್ತು ಎಂದು ಕೇಳುವುದೇ ಇಲ್ಲ.

ಹಳೇ ಕಟಕಟೆ

ಮಲೆಸೀಮೆಯವರೇ, ನಾನು ಸರ್ಕಾರಿ ಅಭಿಯೋಜಕನಾಗಿ ನಿವೃತ್ತನಾದವನು. ‘ಏನು ಗೊತ್ತಿತ್ತು’ ಎಂದು ಕಾನೂನು ಕೇಳುವುದಿಲ್ಲ ಎಂದಿರಿ. ಕೇಳುತ್ತದೆ. ಭಾರತೀಯ ದಂಡ ಸಂಹಿತೆಯಲ್ಲಿ ಇದಕ್ಕೆ ಮೆಟ್ಟಿಲುಗಳೇ ಇದ್ದವು. ಕೊಲ್ಲುವ ಉದ್ದೇಶ ಇದ್ದರೆ ಸೆಕ್ಷನ್ 302, ಅಂದರೆ ಜೀವಾವಧಿ ಅಥವಾ ಗಲ್ಲು. ಉದ್ದೇಶವಿಲ್ಲ, ಆದರೆ ಇದರಿಂದ ಸಾವು ಆಗಬಹುದೆಂಬ ತಿಳಿವಳಿಕೆ ಇತ್ತು ಎಂದಾದರೆ 304ರ ಎರಡನೇ ಭಾಗ, ಹತ್ತು ವರ್ಷದವರೆಗೆ. ಬರೀ ದುಡುಕು ಅಥವಾ ನಿರ್ಲಕ್ಷ್ಯ ಎಂದಾದರೆ 304-ಎ, ಹೆಚ್ಚೆಂದರೆ ಎರಡು ವರ್ಷ. ಇಷ್ಟೇ ಅಲ್ಲ, ಸಾವು ಬಹುಮಟ್ಟಿಗೆ ಖಚಿತ ಎನ್ನುವಷ್ಟು ಅಪಾಯಕಾರಿ ಕೆಲಸವನ್ನು ತಿಳಿದೂ ತಿಳಿದೂ, ಯಾವ ಸಮರ್ಥನೆಯೂ ಇಲ್ಲದೆ ಮಾಡಿದರೆ ಅದೂ ಕೊಲೆಯೇ ಎಂದು 300ನೇ ಸೆಕ್ಷನ್ನಿನ ನಾಲ್ಕನೇ ಉಪಭಾಗ ಹೇಳುತ್ತಿತ್ತು. ಅಂದರೆ ನೀವು ಕೇಳುವ ಅಳತೆಗೋಲು ಕಾನೂನಿನ ಒಳಗೇ ಇದೆ. ಅದನ್ನು ಯಾರ ಮೇಲೆ ಎತ್ತುತ್ತೇವೆ ಎಂಬುದೇ ಪ್ರಶ್ನೆ.

ಭೋಪಾಲವನ್ನೇ ತೆಗೆದುಕೊಳ್ಳಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಇ-610 ಎಂಬ ತೊಟ್ಟಿಯಲ್ಲಿ ಸುಮಾರು 40 ಟನ್ ಮಿಥೈಲ್ ಐಸೊಸಯನೇಟ್ ಎಂಬ ವಿಷ ರಾಸಾಯನಿಕ ಇತ್ತು. ಅದರೊಳಕ್ಕೆ ನೀರು ನುಗ್ಗಿ, ಬಿಸಿ ಏರಿ, ಅನಿಲ ಹೊರಬಿತ್ತು. ತೊಟ್ಟಿಯನ್ನು ತಣ್ಣಗಿಡುವ ಶೈತ್ಯ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ತೊಳೆದು ತಟಸ್ಥಗೊಳಿಸಬೇಕಾದ ಘಟಕ ಚಾಲನೆಯಲ್ಲಿರಲಿಲ್ಲ. ಉಳಿದದ್ದನ್ನು ಸುಟ್ಟುಹಾಕಬೇಕಾದ ಗೋಪುರದ ಕೊಳವೆಯನ್ನು ದುರಸ್ತಿಗೆಂದು ಬಿಚ್ಚಿಟ್ಟಿದ್ದರು. ನೀರಿನ ಚಿಮ್ಮು ಅನಿಲ ಹೊರಬರುವ ಎತ್ತರವನ್ನು ಮುಟ್ಟುತ್ತಲೇ ಇರಲಿಲ್ಲ. 1982ರಲ್ಲೇ ಅಮೆರಿಕದ ಮೂಲ ಕಂಪನಿಯ ತಪಾಸಣಾ ತಂಡ ಬಂದು ದೋಷಗಳ ಪಟ್ಟಿ ಕೊಟ್ಟಿತ್ತು. ಅದೇ ವರ್ಷದಿಂದ ರಾಜ್‌ಕುಮಾರ್ ಕೇಸ್ವಾನಿ ಎಂಬ ಸ್ಥಳೀಯ ಪತ್ರಕರ್ತರು ಊರಿಗೆ ಊರೇ ಅಪಾಯದಲ್ಲಿದೆ ಎಂದು ಬರೆಯುತ್ತಲೇ ಇದ್ದರು.

ಕೆಳಗಿನ ನ್ಯಾಯಾಲಯ 304ರ ಎರಡನೇ ಭಾಗದಡಿ ಆರೋಪ ಹೊರಿಸಿತು. 1996ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 304-ಎಗೆ ಇಳಿಸಿತು. ದೋಷವಿರುವ ಕಾರ್ಖಾನೆ ನಡೆಸಿದರು ಎಂಬಷ್ಟರಿಂದಲೇ ಸಾವಿನ ತಿಳಿವಳಿಕೆ ಇತ್ತೆಂದು ಹೇಳಲಾಗದು ಎಂಬುದು ಅದರ ತಿರುಳು. 2010ರ ಜೂನ್ 7ರಂದು ಎಂಟು ಮಂದಿ ತಪ್ಪಿತಸ್ಥರೆಂದು ತೀರ್ಪು ಬಂತು. ಅವರಲ್ಲೊಬ್ಬರು ಆ ವೇಳೆಗೆ ತೀರಿಕೊಂಡಿದ್ದರು. ಉಳಿದವರಿಗೆ ಎರಡು ವರ್ಷ ಶಿಕ್ಷೆ, ಅದೇ ದಿನ ಜಾಮೀನು. ಸರ್ಕಾರದ ಲೆಕ್ಕದಲ್ಲೇ ಪರಿಹಾರ ಪಡೆದ ಸಾವುಗಳು ಐದು ಸಾವಿರ ದಾಟುತ್ತವೆ. ಕಂಪನಿಯ ಮುಖ್ಯಸ್ಥ ವಾರೆನ್ ಆಂಡರ್ಸನ್ 1984ರ ಡಿಸೆಂಬರ್ 7ರಂದು ಬಂಧನವಾಗಿ ಅಂದೇ ಬಿಡುಗಡೆಯಾದರು. ಮತ್ತೆ ಬರಲಿಲ್ಲ. 2014ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು.

ಆದರೂ ಒಂದು ಎಚ್ಚರಿಕೆ. ಉದ್ದೇಶ ಮತ್ತು ನಿರ್ಲಕ್ಷ್ಯದ ನಡುವಿನ ಗೋಡೆಯನ್ನು ಕೆಡವಬೇಡಿ. ಕೆಡವಿದರೆ ಮೊದಲು ಒಳಗೆ ಹೋಗುವವನು ಲಾರಿ ಚಾಲಕ, ಆಮೇಲೆ ಲೈನ್‌ಮ್ಯಾನ್, ಆಮೇಲೆ ರಾತ್ರಿ ಪಾಳಿಯ ಶುಶ್ರೂಷಕಿ. ದೊಡ್ಡವರ ತನಕ ಆ ಕೈ ಚಾಚುವುದಿಲ್ಲ.

ಶಾಸನಪ್ರಿಯ

ಪಾಪಗಳನ್ನು ಒಂದರ ಎದುರು ಒಂದಿಟ್ಟು ತೂಗುವುದು ನಮ್ಮ ನಾಡಿನಲ್ಲಿ ಬಹಳ ಹಳೆಯ ಕೆಲಸ. ಐದನೇ ಶತಮಾನದ ಹಲ್ಮಿಡಿ ಶಾಸನದಲ್ಲೇ ‘ಕಳ್ದೋನ್ ಮಹಾಪಾತಕನ್’ ಎಂದಿದೆ. ಯುದ್ಧದಲ್ಲಿ ಹೋರಾಡಿದ ವೀರನಿಗೆ ಬಿಟ್ಟ ದತ್ತಿ ಅದು. ಅದನ್ನು ಕಿತ್ತುಕೊಂಡವನನ್ನು ಮಹಾಪಾತಕಿಗಳ ಸಾಲಿಗೆ ಸೇರಿಸಿದ್ದಾರೆ.

ಮುಂದಿನ ಶತಮಾನಗಳ ಶಾಸನಗಳ ಕೊನೆಯ ಸಾಲುಗಳನ್ನು ಓದಿದವರಿಗೆ ಗೊತ್ತು. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಸಾವಿರ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪಕ್ಕೆ ಹೋಗುವನು ಎನ್ನುತ್ತವೆ. ಕೊಟ್ಟದ್ದನ್ನು, ತಾನೇ ಕೊಟ್ಟದ್ದಾದರೂ, ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುವನು ಎಂಬ ಸಂಸ್ಕೃತ ಶ್ಲೋಕವೂ ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೂ ಇದೇ ಕಾವಲು. ಒಬ್ಬ ಮನುಷ್ಯನ ಮೈಗೂ ಕೈ ತಾಗಿಸದೆ, ಕೆರೆಯ ದುರಸ್ತಿಗೆಂದು ಇಟ್ಟ ಗದ್ದೆಯನ್ನು ನುಂಗಿದರೂ ಅವನು ಕೊಲೆಗಡುಕನ ಸಾಲಿಗೆ ಸೇರುತ್ತಾನೆ. ಕೆರೆ ಒಡೆದರೆ ಊರು ಸಾಯುತ್ತದೆ ಎಂಬುದು ಆ ಬರಹಗಾರನಿಗೆ ಗೊತ್ತಿತ್ತು. ಮಲೆಸೀಮೆಯವರು ಕೇಳುತ್ತಿರುವುದು ಇದನ್ನೇ ಎಂದು ನನಗೆ ತೋರುತ್ತದೆ.

ಆ ಕಾಲವನ್ನು ಹೊಗಳಿ ಮುಗಿಸುವ ಆಸೆ ನನಗಿಲ್ಲ. ಅದೇ ಕಾಲದ ಧರ್ಮಶಾಸ್ತ್ರದ ಪಂಚಮಹಾಪಾತಕಗಳಲ್ಲಿ ಮೊದಲನೆಯದು ಬ್ರಹ್ಮಹತ್ಯೆ. ಶೂದ್ರನನ್ನು ಕೊಂದರೆ ಪ್ರಾಯಶ್ಚಿತ್ತ ಅದರ ಒಂದು ಸಣ್ಣ ಪಾಲು. ಹೊಲೆಮಾದಿಗರ ಜೀವ ಆ ತಕ್ಕಡಿಗೆ ಏರುತ್ತಲೇ ಇರಲಿಲ್ಲ. ಸತ್ತವನು ಯಾರು ಎಂದು ಕೇಳಿ ತಪ್ಪನ್ನು ಅಳೆಯುವ ಚಟ ಈ ನೆಲದಲ್ಲಿ ಅಷ್ಟು ಹಳೆಯದು, ಇನ್ನೂ ಹೋಗಿಲ್ಲ.

ಕೊಕ್ಕಡದ ದಾರಿ

ನಾನು ಬೆಳ್ತಂಗಡಿ ತಾಲ್ಲೂಕಿನವಳು. ಗೇರು ತೋಪುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುವುದನ್ನು ಚಿಕ್ಕಂದಿನಲ್ಲಿ ಅಂಗಳದಿಂದ ನೋಡಿದವರಲ್ಲಿ ನಾನೂ ಒಬ್ಬಳು. ಹೆಲಿಕಾಪ್ಟರ್ ಬಂತೆಂದು ಮಕ್ಕಳು ಓಡಿ ಹೊರಗೆ ಬರುತ್ತಿದ್ದರು. ಬಾವಿ ಮುಚ್ಚಿ ಎಂದು ಯಾರೂ ಹೇಳುತ್ತಿರಲಿಲ್ಲ. ಗುಡ್ಡದ ಆಚೆ ಕಾಸರಗೋಡಿನಲ್ಲೂ ಅದೇ ಕಥೆ.

ನಮ್ಮ ಚಿಕ್ಕಮ್ಮನ ಮಗ ಹುಟ್ಟಿದಾಗಿನಿಂದ ಹಾಸಿಗೆಯಲ್ಲೇ ಇದ್ದ. ಚಿಕ್ಕಮ್ಮ ಅವನನ್ನು ಬಿಟ್ಟು ಒಂದು ಮದುವೆಗೂ ಹೋಗಲಿಲ್ಲ. ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರ ಮೇ ತಿಂಗಳಲ್ಲಿ. ಮಾಸಾಶನ ಬಂತು, ಪಾಲನಾ ಕೇಂದ್ರ ಬಂತು, ಒಳ್ಳೆಯದೇ ಆಯಿತು. ಆದರೆ ಇದು ಯಾರ ತಪ್ಪು ಎಂಬ ವಾಕ್ಯವನ್ನು ಯಾವ ನ್ಯಾಯಾಲಯವೂ ಚಿಕ್ಕಮ್ಮನ ಎದುರು ಓದಿ ಹೇಳಲಿಲ್ಲ.

ಕಟಕಟೆ ಸರ್, ನಿಮ್ಮ ಮೆಟ್ಟಿಲುಗಳಲ್ಲಿ ಸಾವಿಗೆ ಮಾತ್ರ ಜಾಗವಿದೆ. ಸಾಯದೆ ಉಳಿದು ಮೂವತ್ತು ವರ್ಷ ಮಲಗಿದವನಿಗೆ ಯಾವ ಮೆಟ್ಟಿಲು? ಒಂದು ಕ್ಷಣದ ಕೊಲೆಗಿಂತ ಇದು ಹಗುರವೇ? ಚಿಕ್ಕಮ್ಮನ ಬದುಕನ್ನು ಕಣ್ಣಾರೆ ನೋಡಿದ ಮೇಲೆ ಹಗುರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೈವಾರ ಕ್ರಾಸ್

ಇಷ್ಟು ಹೊತ್ತು ಓದುತ್ತಿದ್ದೆ. ಈಗ ಬರೆಯದೆ ಇರಲಾಗುತ್ತಿಲ್ಲ.

ನಾನು ಚಿಂತಾಮಣಿ ಕಡೆಯವನು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಸುಟ್ಟರು. ಇಡೀ ನಾಡು ಆ ಊರಿಗೆ ಬಂದು ಹೋಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆಯಾದರು, ಸಾಕ್ಷಿಗಳು ಪ್ರತಿಕೂಲವಾಗಿ ನುಡಿದಿದ್ದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಇದ್ದವು, ಸುಟ್ಟ ಮನೆ ಇತ್ತು. ಸುಟ್ಟವರು ಮಾತ್ರ ಯಾರೂ ಇಲ್ಲವೆಂದಾಯಿತು.

ಮಲೆಸೀಮೆಯವರೇ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈ ಚರ್ಚೆ ಸಂಖ್ಯೆಯ ಕಡೆಗೆ ಜಾರುತ್ತಿದೆ. 22, 17, 24, 36, ಐದು ಸಾವಿರ. ಸಂಖ್ಯೆಯಿಂದ ತೂಗಿದರೆ ನಮ್ಮ ಏಳು ಎಂದಿಗೂ ಹಗುರ. ‘ಅವರಿಗೆ ಗೊತ್ತಿತ್ತು, ತಡೆಯಬಹುದಿತ್ತು’ ಎಂಬ ಅಳತೆಯನ್ನು ಮುಖ್ಯ ಮಾಡಿದರೆ, ‘ಅವರಿಗೆ ಬೇಕಾಗಿತ್ತು’ ಎಂಬುದು ಮಸುಕಾಗುತ್ತದೆ. ನೀನು ಹುಟ್ಟಿದ್ದೇ ತಪ್ಪು ಎಂದು ಹೇಳಿ ಕೊಲ್ಲುವುದು ಬೇರೆಯೇ ಜಾತಿಯ ಪಾತಕ. ಸತ್ತವರು ಏಳು, ಬೆದರಿಸಿದ್ದು ಸುತ್ತಲಿನ ಅಷ್ಟೂ ಕೇರಿಗಳನ್ನು. ಆ ಬೆದರಿಕೆಯೇ ಆರು ವರ್ಷದ ಮೇಲೆ ಸಾಕ್ಷಿಕಟ್ಟೆಯ ತನಕ ಹಿಂಬಾಲಿಸಿ ಬಂತು. ಕೊಲೆ ಆ ದಿನಕ್ಕೆ ಮುಗಿಯಲೇ ಇಲ್ಲ.

ಮರಕುಂಬಿಯನ್ನು ನೆನೆಯಿರಿ. 2014ರಲ್ಲಿ ಗಂಗಾವತಿ ತಾಲ್ಲೂಕಿನ ಆ ಊರಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಆ ಬೆಂಕಿಯಲ್ಲಿ ಯಾರೂ ಸಾಯಲಿಲ್ಲ. ಆದರೂ 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ವಿಧಿಸಿತು. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ, ಹಲವರಿಗೆ ಜಾಮೀನೂ ಸಿಕ್ಕಿದೆ, ಅದು ಬೇರೆ ಮಾತು. ಹೆಣ ಎಣಿಸದೆಯೂ ಒಂದು ತಪ್ಪಿನ ಭಾರವನ್ನು ಒಬ್ಬ ನ್ಯಾಯಾಧೀಶರು ಕಂಡರಲ್ಲ, ನನಗೆ ಅದು ಮುಖ್ಯ.

ಮಲೆಸೀಮೆ

ಕೈವಾರ ಕ್ರಾಸ್ ಅವರೇ, ಸಂಖ್ಯೆಯಿಂದ ತೂಗಬೇಕೆಂದು ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಹಾಗೆ ತೂಗಿದರೆ ಒಂಟಿ ಹೆಣ್ಣುಮಗಳ ಕೊಲೆ ಎಂದಿಗೂ ಕೊನೆಯ ಪುಟದ ಸುದ್ದಿಯಾಗಿಯೇ ಉಳಿಯುತ್ತದೆ. ಕಂಬಾಲಪಲ್ಲಿಯನ್ನು ಜಿಲ್ಲಾಸ್ಪತ್ರೆಯ ರಾತ್ರಿಗಿಂತ ಭಾರ ಎಂದು ನೀವು ಹೇಳಿದರೆ ನಾನು ಎದುರಾಡುವುದಿಲ್ಲ. ದ್ವೇಷದಿಂದ ಕೊಲ್ಲುವವನು ಸತ್ತವನ ಮನುಷ್ಯತ್ವವನ್ನೇ ಇಲ್ಲವೆನ್ನುತ್ತಾನೆ.

ನನ್ನ ತಕರಾರು ನಡುವಿನ ಮೆಟ್ಟಿಲಿನ ಬಗ್ಗೆ. ಕಟಕಟೆ ಸರ್ ಹೇಳಿದ ಆ ‘ತಿಳಿವಳಿಕೆ ಇತ್ತು’ ಎಂಬ ಮೆಟ್ಟಿಲು ಸದಾ ಖಾಲಿ. ಅಲ್ಲಿ ಕೂರಬೇಕಾದವರೆಲ್ಲ ಕೆಳಗಿಳಿದು ‘ನಿರ್ಲಕ್ಷ್ಯ’ದ ಮೆಟ್ಟಿಲಲ್ಲಿ ಕೂರುತ್ತಾರೆ, ಎರಡು ವರ್ಷದ ಶಿಕ್ಷೆ, ಅಂದೇ ಜಾಮೀನು. ಹಾಗೆ ಇಳಿಯುವ ಸವಲತ್ತು ಸಿಗುವುದು ಹುದ್ದೆ ಇದ್ದವರಿಗೆ, ದೊಡ್ಡ ವಕೀಲರನ್ನು ಇಡಬಲ್ಲವರಿಗೆ. ನಿಮ್ಮೂರಿನ ಪ್ರಕರಣದಲ್ಲೂ ಬಲವಿದ್ದವರೇ ಉಳಿದುಕೊಂಡರು ಅಲ್ಲವೇ? ದಾರಿ ಬೇರೆ ಇರಬಹುದು, ಹೋಗಿ ಮುಟ್ಟಿದ ಜಾಗ ಒಂದೇ.

ರಾತ್ರಿಪಾಳಿ

ನಾನು ಶುಶ್ರೂಷಕಿ. ಎರಡನೇ ಅಲೆಯಲ್ಲಿ ಬೇರೊಂದು ಜಿಲ್ಲೆಯ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿನಲ್ಲಿದ್ದೆ. ‘ಗೊತ್ತಿತ್ತೇ’ ಎಂಬ ಪ್ರಶ್ನೆಗೆ ನನ್ನ ಕೆಲಸದ ಕಡೆಯಿಂದ ಉತ್ತರ ಹೇಳುತ್ತೇನೆ.

ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7,000 ಲೀಟರ್ ಆಮ್ಲಜನಕ ಇರುತ್ತದೆ. ಚೀಲದ ಮಾಸ್ಕ್ ಹಾಕಿದ ರೋಗಿಗೆ ನಿಮಿಷಕ್ಕೆ 15 ಲೀಟರ್ ಬೇಕು ಎಂದುಕೊಳ್ಳಿ. ಒಂದು ಸಿಲಿಂಡರ್ ಒಬ್ಬರಿಗೆ ಏಳೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಮೂಗಿನ ಮೂಲಕ ಹೆಚ್ಚು ಹರಿವಿನಲ್ಲಿ ಕೊಡುವ ಯಂತ್ರವಾದರೆ ನಿಮಿಷಕ್ಕೆ 50 ಲೀಟರ್, ಆಗ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಎಷ್ಟು ರೋಗಿಗಳು, ಯಾರಿಗೆ ಎಷ್ಟು ಲೀಟರ್, ಎಷ್ಟು ಸಿಲಿಂಡರ್ ತುಂಬಿವೆ, ಈ ಮೂರು ಗೊತ್ತಿದ್ದರೆ ಯಾವ ಹೊತ್ತಿಗೆ ಮುಗಿಯುತ್ತದೆ ಎಂದು ಐದನೇ ತರಗತಿಯ ಮಗು ಲೆಕ್ಕ ಹಾಕಬಲ್ಲದು. ಆಮ್ಲಜನಕ ಭೂಕಂಪದ ಹಾಗೆ ಬಂದು ಹೋಗುವುದಿಲ್ಲ. ಅದು ಮುಗಿಯುವ ಗಂಟೆ ಮಧ್ಯಾಹ್ನವೇ ಗೊತ್ತಿರುತ್ತದೆ.

ನಾವು ಮಧ್ಯಾಹ್ನದಿಂದಲೇ ಫೋನ್ ಮಾಡುತ್ತಿದ್ದೆವು. ಬರುತ್ತಿದೆ ಎಂಬ ಉತ್ತರ ಬರುತ್ತಿತ್ತು. ನಮ್ಮ ವಾರ್ಡಿನಲ್ಲಿ ಲಾರಿ ಬಂತು, ಕೊನೆಯ ಸಾಲಿನ ಸಿಲಿಂಡರ್‌ಗಳ ಮುಳ್ಳು ಕೆಂಪಿಗೆ ಇಳಿದ ಮೇಲೆ. ಬಾರದೆ ಇದ್ದಿದ್ದರೆ ರೋಗಿಗಳ ಮನೆಯವರು ಮೊದಲು ಹಿಡಿಯುತ್ತಿದ್ದದ್ದು ನನ್ನ ಕೈಯನ್ನು. ಅದಕ್ಕೇ ಕಟಕಟೆ ಸರ್ ಹೇಳಿದ ಎಚ್ಚರಿಕೆ ನನಗೆ ಚೆನ್ನಾಗಿ ತಟ್ಟಿತು. ನಮ್ಮಲ್ಲಿ ಹಲವರು ಆ ಎರಡು ತಿಂಗಳ ನಂತರ ಸರಿಯಾಗಿ ನಿದ್ದೆ ಮಾಡಿಲ್ಲ. ಫೋನಿನ ಆ ತುದಿಯಲ್ಲಿದ್ದವರು ಹೇಗಿದ್ದಾರೋ ತಿಳಿಯದು. ಆದರೆ ಭಾರವನ್ನು ಹೊರಬೇಕಾದವರು ಅವರು. ಲೆಕ್ಕ ತಲುಪಿದ ಮೇಲೂ ಲಾರಿ ಹೊರಡಿಸುವ ಅಧಿಕಾರ ಇದ್ದದ್ದು ಅವರಿಗೆ, ನನಗಲ್ಲ.

ಹೇಮಾವತಿ ನಾಲೆ

ನೀವೆಲ್ಲ ಬಹಳ ತಿಳಿದವರು. ನನ್ನದೊಂದು ಮಾತು.

ನನ್ನ ತಂದೆ 2021ರ ಮೇ ತಿಂಗಳಲ್ಲಿ ಹೋದರು, ಬೇರೆ ಊರಿನ ಆಸ್ಪತ್ರೆಯಲ್ಲಿ. ಆಮ್ಲಜನಕ ಇತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ ‘ಆಗಲೇ ಗಂಭೀರವಾಗಿತ್ತು’ ಎಂದರು. ಯಾವ ಪಾತಕ ದೊಡ್ಡದು ಎಂದು ಅಳೆಯುವ ಮಾತು ನನ್ನ ಕಿವಿಗೆ ಕಷ್ಟವಾಗುತ್ತದೆ. ಸತ್ತವರ ಮನೆಗೆ ಎಲ್ಲ ಸಾವೂ ಪೂರ್ತಿಯೇ. ಸುಳ್ವಾಡಿಯಲ್ಲಿ ಹೋದವರ ಮಕ್ಕಳಿಗೂ ಅಷ್ಟೇ, ಜಿಲ್ಲಾಸ್ಪತ್ರೆಯಲ್ಲಿ ಹೋದವರ ಮಕ್ಕಳಿಗೂ ಅಷ್ಟೇ. ಒಬ್ಬರ ಮುಂದೆ ನಿಂತು ‘ನಿಮ್ಮವರ ಸಾವಿಗೆ ಕಾರಣವಾದದ್ದು ಎರಡನೇ ದರ್ಜೆಯ ತಪ್ಪು’ ಎಂದು ಹೇಳಬಲ್ಲಿರಾ?

ಕೈವಾರ ಕ್ರಾಸ್

ಅಕ್ಕ, ನಿಮ್ಮ ದುಃಖದ ಎದುರು ವಾದ ಹೂಡುವುದು ಸಲ್ಲದು. ನಿಮ್ಮ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಮನೆಯವರ ಮುಂದೆ ನಿಂತು ತೂಗಬಾರದು, ನಿಜ. ಆದರೆ ನಾವು ತೂಗದಿದ್ದರೂ ಠಾಣೆಯಲ್ಲಿ ಯಾರೋ ತೂಗುತ್ತಿರುತ್ತಾರೆ. ಯಾವ ಕಡತ ಮೇಲೆ, ಯಾವುದು ಕೆಳಗೆ, ಯಾರಿಗೆ ಕೈಕೋಳ, ಯಾರಿಗೆ ಕುರ್ಚಿ ಎಂದು ಮೊದಲ ದಿನವೇ ತೀರ್ಮಾನವಾಗಿರುತ್ತದೆ. ನಾವು ಬಾಯಿ ಮುಚ್ಚಿಕೊಂಡರೆ ಅವರ ತೂಕವೇ ಉಳಿಯುತ್ತದೆ. ನಮ್ಮೂರ ಕಡೆ ಅದನ್ನು ನೋಡಿದ್ದೇನೆ.

ಹಳೇ ಕಟಕಟೆ

ರಾತ್ರಿಪಾಳಿಯವರು ಬರೆದದ್ದನ್ನು ಎರಡು ಸಲ ಓದಿದೆ. ನಾನು ನ್ಯಾಯಾಲಯದಲ್ಲಿ ಇದ್ದ ಅಷ್ಟೂ ವರ್ಷಗಳಲ್ಲಿ ‘ತಿಳಿವಳಿಕೆ’ಯನ್ನು ಸಾಬೀತು ಮಾಡುವುದೇ ಅತಿ ಕಷ್ಟದ ಕೆಲಸವಾಗಿತ್ತು. ಮನಸ್ಸಿನೊಳಗೆ ಇಣುಕಿ ನೋಡಲಾಗದು. ಇಲ್ಲಿ ಮಾತ್ರ ತಿಳಿವಳಿಕೆ ಲೀಟರ್ ಮತ್ತು ನಿಮಿಷದಲ್ಲಿದೆ. ಭೋಪಾಲದಲ್ಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಶೈತ್ಯ ಘಟಕ ನಿಲ್ಲಿಸುವ ನಿರ್ಧಾರ, 1982ರ ತಪಾಸಣೆಯ ವರದಿ, ಎಲ್ಲವೂ ಕಾಗದದ ಮೇಲೆ ಇದ್ದವು. ನನ್ನ ಮಟ್ಟಿಗೆ 1996ರ ತೀರ್ಮಾನ ಎಡವಿದ್ದು ಇಲ್ಲಿ. ಆ ರಾತ್ರಿ ಅನಿಲ ಹೊರಬರುತ್ತದೆ ಎಂದು ಯಾರಿಗಾದರೂ ಗೊತ್ತಿತ್ತೇ ಎಂದು ಕೇಳುವುದಕ್ಕಿಂತ, ಬಂದರೆ ತಡೆಯಲು ಏನೂ ಉಳಿದಿಲ್ಲ ಎಂಬುದು ಗೊತ್ತಿತ್ತೇ ಎಂದು ಕೇಳಬೇಕಾಗಿತ್ತು. ಎರಡನೇ ಪ್ರಶ್ನೆಗೆ ವಿಚಾರಣೆ ನಡೆಯಬೇಕಾಗಿತ್ತು. ವಿಚಾರಣೆಗೆ ಮುಂಚೆಯೇ ಆ ಬಾಗಿಲು ಮುಚ್ಚಿತು. 2010ರ ನಂತರ ಸಿಬಿಐ ಮತ್ತೆ ತಟ್ಟಿತು, 2011ರಲ್ಲಿ ತಡವಾಯಿತೆಂದು ಸುಪ್ರೀಂ ಕೋರ್ಟ್ ತೆರೆಯಲಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಎತ್ತಲಿಲ್ಲ. ತಪ್ಪು ನಡೆದ ಮೇಲೆ ಅದನ್ನು ಮುಚ್ಚುವುದು ಪ್ರತ್ಯೇಕವಾದ ತಪ್ಪು, ಮತ್ತು ಸಣ್ಣದಲ್ಲ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು 59 ಮಂದಿ ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ಆ ಸಾವುಗಳಿಗಾಗಿ ಮಾಲೀಕರಿಬ್ಬರಿಗೆ 2015ರಲ್ಲಿ ಸಿಕ್ಕ ಶಿಕ್ಷೆ ತಲಾ 30 ಕೋಟಿ ರೂಪಾಯಿ ದಂಡ ಮತ್ತು ಅಷ್ಟರೊಳಗೆ ಕಳೆದ ಜೈಲುವಾಸ; 2017ರಲ್ಲಿ ಅವರಲ್ಲೊಬ್ಬರಿಗೆ ಒಂದು ವರ್ಷ ಜೈಲು ಎಂದಾಯಿತು. ಅದೇ ಪ್ರಕರಣದ ನ್ಯಾಯಾಲಯದ ದಾಖಲೆಗಳನ್ನು ತಿದ್ದಿದ್ದಕ್ಕೆ 2021ರಲ್ಲಿ ಏಳು ವರ್ಷ ವಿಧಿಸಿದರು. ಮರುವರ್ಷ ಅದೂ ಇಳಿಯಿತು. ಆದರೂ ಆ ಎರಡು ಅಂಕಿಗಳನ್ನು ನೋಡಿ: ಸಾವಿಗೆ ಗರಿಷ್ಠ ಎರಡು, ಕಾಗದಕ್ಕೆ ಏಳು.

ಕಾಗದಕ್ಕೆ ಏಳು ಹೆಚ್ಚು ಎಂದು ನಾನು ಹೇಳುವುದಿಲ್ಲ. ಸತ್ತವರ ಸಂಖ್ಯೆಯನ್ನೋ ಕಾರಣವನ್ನೋ ಬೇಕೆಂದೇ ಬದಲಿಸುವವನು, ಮೊದಲು ನಿರ್ಲಕ್ಷ್ಯ ಮಾತ್ರ ಮಾಡಿದ್ದರೂ, ಈಗ ಪೂರ್ಣ ಉದ್ದೇಶದಿಂದ ತಪ್ಪು ಮಾಡುತ್ತಿದ್ದಾನೆ. ಇಲ್ಲಿ ‘ಗೊತ್ತಿರಲಿಲ್ಲ’ ಎಂಬ ಆಶ್ರಯ ಅವನಿಗಿಲ್ಲ.

ಹೇಮಾವತಿ ನಾಲೆ

ಕಟಕಟೆ ಸರ್, ಈ ಮಾತು ನನಗೆ ಒಪ್ಪಿಗೆ. ಅವರಿಗೆ ಗಲ್ಲಾಗಲಿ ಎಂದು ನಾನು ಎಂದೂ ಬಯಸಿಲ್ಲ. ಏನಾಯಿತು ಎಂದು ಹೇಳಲಿ. ಮೂರು, ಇಪ್ಪತ್ತನಾಲ್ಕು, ಮೂವತ್ತಾರು, ಈ ಸಂಖ್ಯೆಗಳ ನಡುವೆ ಬಿಟ್ಟುಹೋದ ಮನೆಗಳಲ್ಲಿ ಪ್ರತಿಯೊಂದಕ್ಕೂ ‘ನಿಮ್ಮವರು ಹಾಗೆಯೇ ಸಾಯುವವರಿದ್ದರು’ ಎಂದು ಹೇಳಿದಂತಾಯಿತು. ಆ ಮಾತಿನೊಂದಿಗೆ ಬದುಕುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಿದೆ.

ಶಾಸನಪ್ರಿಯ

ಕಟಕಟೆಯವರೇ, ಹೊಸ ಸಂಹಿತೆಯಲ್ಲಿ ಏನಾದರೂ ಬದಲಾಗಿದೆಯೇ?

ಹಳೇ ಕಟಕಟೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಲ್ಲಿ ನಿರ್ಲಕ್ಷ್ಯದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಇದೆ. ಹಿಂದಿನ ಎರಡಕ್ಕಿಂತ ಹೆಚ್ಚು. ತಿಳಿವಳಿಕೆಯ ಮೆಟ್ಟಿಲು ಈಗ 105ರಲ್ಲಿದೆ. ಕೈವಾರ ಕ್ರಾಸ್ ಅವರು ಹೇಳಿದ್ದಕ್ಕೂ ಒಂದು ಉತ್ತರ ಬಂದಿದೆ. ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಸಮುದಾಯ, ಭಾಷೆಯಂಥ ಕಾರಣಕ್ಕೆ ಕೊಂದರೆ 103ರ ಎರಡನೇ ಉಪವಿಭಾಗದಲ್ಲಿ ಅದನ್ನು ಪ್ರತ್ಯೇಕವಾಗಿ ಹೆಸರಿಸಿ ಗಲ್ಲು ಅಥವಾ ಜೀವಾವಧಿ ಇಟ್ಟಿದ್ದಾರೆ. ಆದರೆ ಕೊಕ್ಕಡದ ದಾರಿಯವರ ಪ್ರಶ್ನೆಗೆ ಕ್ರಿಮಿನಲ್ ಕಾನೂನಿನಲ್ಲಿ ಗಟ್ಟಿಯಾದ ಉತ್ತರ ಇವತ್ತಿಗೂ ಇಲ್ಲ. ಮೂವತ್ತು ವರ್ಷ ಮಲಗಿದವನ ವಿಷಯದಲ್ಲಿ ಕಾರಣ ಮತ್ತು ಪರಿಣಾಮವನ್ನು ಜೋಡಿಸುವ ಹೊರೆಯನ್ನು ನಾವು ಅವನ ತಾಯಿಯ ಹೆಗಲಿಗೇ ಹಾಕಿದ್ದೇವೆ. ಪರಿಹಾರದ ವಿಷಯದಲ್ಲಿ, ದೆಹಲಿಯ ಓಲಿಯಂ ಅನಿಲ ಸೋರಿಕೆಯ ನಂತರ 1986ರಲ್ಲಿ ಸುಪ್ರೀಂ ಕೋರ್ಟ್ ಆ ಹೊರೆಯನ್ನು ಅಪಾಯಕಾರಿ ಉದ್ದಿಮೆಯ ಮೇಲೆ ಹಾಕಿತು. ಶಿಕ್ಷೆಯ ವಿಷಯದಲ್ಲಿ ಅಷ್ಟು ದೂರ ಹೋಗಲಿಲ್ಲ.

105 ಹಾಕಬೇಕೋ 106 ಹಾಕಬೇಕೋ ಎಂಬುದನ್ನು ಮೊದಲು ಬರೆಯುವವನು ಠಾಣೆಯ ಇನ್ಸ್‌ಪೆಕ್ಟರ್, ಘಟನೆಯಾದ ಮೊದಲ ರಾತ್ರಿ. ಆ ಹೊತ್ತಿಗೆ ಅವನ ಕೈಯಲ್ಲಿ ಏನು ಕಾಗದ ಇರುತ್ತದೆ ಎಂಬುದರ ಮೇಲೆ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ. ರಾತ್ರಿಪಾಳಿಯವರೇ, ನಿಮ್ಮ ವಾರ್ಡಿನ ಲೆಕ್ಕವನ್ನು ಎಲ್ಲಿ ಬರೆದಿಡುತ್ತೀರಿ?

ರಾತ್ರಿಪಾಳಿ

ನಾನು ಕೆಲಸ ಮಾಡಿದ ಕಡೆಯೆಲ್ಲ ವಾರ್ಡಿಗೊಂದು ರಿಜಿಸ್ಟರ್ ಇತ್ತು ಸರ್. ಸಿಲಿಂಡರ್ ಬಂದ ಹೊತ್ತು, ಹಚ್ಚಿದ ಹೊತ್ತು, ಮುಗಿದ ಹೊತ್ತು, ಪಾಳಿಯವರ ಸಹಿ. ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದೆವು ಎಂಬುದನ್ನು ನಾವು ಪಾಳಿ ಒಪ್ಪಿಸುವ ಪುಸ್ತಕದಲ್ಲಿ ಬರೆಯುತ್ತಿದ್ದೆವು. ರೋಗಿಯ ಹಾಳೆಯಲ್ಲಿ ಗಂಟೆಗೊಮ್ಮೆ ಆಮ್ಲಜನಕದ ಮಟ್ಟ ಬರೆದಿರುತ್ತದೆ. ಮೂರನ್ನೂ ಒಟ್ಟಿಗೆ ಇಟ್ಟರೆ ಯಾವ ಹೊತ್ತಿಗೆ ಯಾರ ಮಟ್ಟ ಬಿತ್ತು, ಆಗ ಕೊಳವೆಯಲ್ಲಿ ಏನಿತ್ತು ಎಂದು ಹೇಳಬಹುದು. ಮೊದಲ ದಿನವೇ ಬಂದು ಆ ಪುಸ್ತಕಗಳನ್ನು ತೆಗೆದುಕೊಂಡು ಹೋಗಲಿ. ಎರಡನೇ ದಿನಕ್ಕೆ ಕಾಯಬಾರದು.